ಸಾದಾ ಸಾಕಾ, ಪ್ರೊ ಬೇಕಾ? ಎಡಿಟಿಂಗ್ ಸಾಫ್ಟ್‌ವೇರ್ ಹಾಕಿಸುವ ಮುಂಚೆ ಮಾಡಬೇಕಾದ ಕೆಲಸಗಳು

ಹೋದ ಮದುವೆ ಸೀಸನ್ ಮುಗಿಯುವ ಹೊತ್ತಿಗೆ ನಮ್ಮ ಸೋದರತ್ತೆ ಮಗ ಮನೆಗೆ ಬಂದ. ಹೊಸದಾಗಿ ಕ್ಯಾಮೆರಾ ಕೊಂಡಿದ್ದಾನೆ. ಇಷ್ಟು ದಿನ ಶೂಟ್ ಮಾಡಿ ಕಾರ್ಡ್ ಕೊಟ್ಟು ಬರುತ್ತಿದ್ದ. ಇನ್ನು ಮಿಕ್ಸಿಂಗೂ, ಅಂದರೆ ವಿಡಿಯೋ ಎಡಿಟಿಂಗೂ, ತಾನೇ ಮಾಡಬೇಕು ಅಂತ ಹುಮ್ಮಸ್ಸು. ಚಪ್ಪಲಿ ಬಿಡುತ್ತಲೇ ಕೇಳಿದ: "ಅಣ್ಣಾ, ಸಾದಾದು ಹಾಕ್ಲಾ, ಪ್ರೊ ಹಾಕ್ಲಾ?"

"ಏನೇನು ಎಡಿಟ್ ಮಾಡ್ತೀಯಪ್ಪಾ?" ಅಂದೆ.

"ಎಲ್ಲಾ."

ಈ "ಎಲ್ಲಾ" ಅನ್ನುವ ಉತ್ತರದಿಂದಲೇ ದುಡ್ಡು ಹಾಳಾಗುವುದು. ದಾವಣಗೆರೆಯಲ್ಲಿ ಕೂತು ಸ್ಟುಡಿಯೋದವರಿಗೆ ಮಿಕ್ಸಿಂಗ್ ಮಾಡಿಕೊಡುವುದು ನನ್ನ ಕೆಲಸ. ಮದುವೆ, ಗೃಹಪ್ರವೇಶ, ಶಾಲೆಯ ವಾರ್ಷಿಕೋತ್ಸವ, ಜಾತ್ರೆ, ನಡುನಡುವೆ ಯಾವುದೋ ಅಂಗಡಿಯ ಜಾಹೀರಾತು. ಸಾದಾ ಸಾಫ್ಟ್‌ವೇರಿನಲ್ಲಿ ಸಿಕ್ಕಿಹಾಕಿಕೊಂಡು ಒದ್ದಾಡಿದ್ದೂ ಇದೆ. ಪ್ರೊಗೆ ದುಡ್ಡು ಕಟ್ಟಿ ಅದರ ಕಾಲುಭಾಗವನ್ನೂ ಮುಟ್ಟದೆ ಬಿಟ್ಟಿದ್ದೂ ಇದೆ. ಆ ದಿನ ಅವನನ್ನು ಕೂರಿಸಿಕೊಂಡು ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಯಾವುದು ಸಾದಾ, ಯಾವುದು ಪ್ರೊ

ಒಂದೇ ಕಂಪನಿ ಎರಡು ಥರ ಮಾರುತ್ತದೆ. ಅಡೋಬಿಯವರ ಪ್ರೀಮಿಯರ್ ಎಲಿಮೆಂಟ್ಸ್ ಮನೆಮಂದಿಗೆ, ಪ್ರೀಮಿಯರ್ ಪ್ರೊ ಕೆಲಸದವರಿಗೆ. ಆಪಲ್‌ನಲ್ಲಿ ಐಮೂವಿ ಮತ್ತು ಫೈನಲ್ ಕಟ್ ಪ್ರೊ; ವಿಂಡೋಸ್ ಇಟ್ಟುಕೊಂಡವರು ಆ ಕಡೆ ನೋಡುವ ಹಾಗೇ ಇಲ್ಲ. ಬ್ಲ್ಯಾಕ್‌ಮ್ಯಾಜಿಕ್ ಕಂಪನಿಯ ಡಾವಿಂಚಿ ರಿಸಾಲ್ವ್ ಉಚಿತ, ರಿಸಾಲ್ವ್ ಸ್ಟುಡಿಯೋಗೆ ದುಡ್ಡು. ಮದುವೆ ಮಿಕ್ಸಿಂಗ್ ಮಾಡುವವರ ಬಾಯಲ್ಲಿ ಜಾಸ್ತಿ ಕೇಳುವ ಹೆಸರು ಎಡಿಯಸ್. ಜಪಾನಿನ ಕನೋಪಸ್ ಕಂಪನಿಯಿಂದ ಬಂದದ್ದು, ಆಮೇಲೆ ಗ್ರಾಸ್ ವ್ಯಾಲಿ ಕೈಗೆ ಹೋಯಿತು. ಅದಕ್ಕೂ ಒಂದು ಕಾಲದಲ್ಲಿ ಎಡಿಯಸ್ ನಿಯೋ ಅಂತ ಅಗ್ಗದ ತಮ್ಮ ಇದ್ದ, ಈಗ ಬರುವುದಿಲ್ಲ. ಇವಲ್ಲದೆ ಫಿಲ್ಮೋರಾ ಇದೆ, ಫೋನಿನಲ್ಲಿ ಕೈನ್‌ಮಾಸ್ಟರ್ ಇದೆ. ಎರಡರಲ್ಲೂ ದುಡ್ಡು ಕಟ್ಟದಿದ್ದರೆ ವಿಡಿಯೋ ಮೇಲೆ ವಾಟರ್‌ಮಾರ್ಕ್, ಅಂದರೆ ಅವರ ಹೆಸರಿನ ಮುದ್ರೆ, ಬೀಳುತ್ತದೆ.

ಎಫೆಕ್ಟ್ ಎಣಿಸಿ ನೋಡಿ ಪ್ರೊ ಕೊಳ್ಳಬೇಡಿ. ಎಣಿಸಿದರೆ ಸಾದಾದಲ್ಲೇ ಜಾಸ್ತಿ ಸಿಗಬಹುದು. ಹೂವು ಉದುರುವುದು, ಹೃದಯ ತೇಲುವುದು, ಪುಸ್ತಕದ ಹಾಳೆ ಮಗುಚುವುದು, ಎಲ್ಲ ರೆಡಿ ಇರುತ್ತದೆ. ಎಳೆದು ಹಾಕಿದರೆ ಆಯಿತು. ಪ್ರೊಗೆ ನಾವು ದುಡ್ಡು ಕೊಡುವುದು ಕೆಲಸ ಕೆಟ್ಟಾಗ ಸರಿ ಮಾಡಿಕೊಳ್ಳುವ ದಾರಿಗಳಿಗೆ. ಸೌಂಡ್ ಮುಂದೆ ಹೋಯಿತು, ಒಂದು ಕ್ಯಾಮೆರಾ ಹಳದಿ ಬಂತು, ಫೋಲ್ಡರ್ ಜಾಗ ಬದಲಾಯಿತು, ಆರು ತಿಂಗಳ ಮೇಲೆ ಪಾರ್ಟಿ ಫೋನ್ ಮಾಡಿ "ನಮ್ಮ ಮಾವನೋರ ಕ್ಲಿಪ್ ಬಿಟ್ಟುಹೋಗಿದೆ ಸೇರಿಸಿಕೊಡಿ" ಅಂದರು. ನಿಮ್ಮ ಕೆಲಸದಲ್ಲಿ ಇಂಥದ್ದು ಎಷ್ಟು ಸಲ ಬರುತ್ತದೆ ಅನ್ನುವುದೇ ಲೆಕ್ಕ.

ಹೆಜ್ಜೆ 1: ಒಳಗೆ ಬರುವ ಫೈಲ್ ಯಾವುದು ನೋಡಿ

ಮೀಡಿಯಾಇನ್ಫೋ ಅಂತ ಒಂದು ಉಚಿತ ಪ್ರೋಗ್ರಾಂ ಇದೆ. ಹಾಕಿಕೊಳ್ಳಿ. ನಿಮ್ಮ ಕ್ಯಾಮೆರಾದ ಒಂದು ಕ್ಲಿಪ್ಪು, ನಿಮ್ಮ ಫೋನಿನ ಒಂದು ಕ್ಲಿಪ್ಪು, ನೀವು ಆಗಾಗ ಬಾಡಿಗೆಗೆ ಕರೆಯುವ ಕ್ಯಾಮೆರಾದವರ ಒಂದು ಕ್ಲಿಪ್ಪು ಅದರೊಳಗೆ ಹಾಕಿ ನೋಡಿ. ಚೀಟಿಯಲ್ಲಿ ನಾಲ್ಕು ವಿಷಯ ಬರೆದುಕೊಳ್ಳಿ: ಎಚ್.264 ಅಥವಾ ಎಚ್.265 (ವಿಡಿಯೋ ಕುಗ್ಗಿಸಿಡುವ ವಿಧಾನ), 8-ಬಿಟ್ ಅಥವಾ 10-ಬಿಟ್ (ಬಣ್ಣದ ಮೆಟ್ಟಿಲು ಎಷ್ಟು), 4:2:0 ಅಥವಾ 4:2:2 (ಬಣ್ಣದ ವಿವರ ಎಷ್ಟು ಉಳಿಸಿಕೊಂಡಿದೆ), ಮತ್ತು ಫ್ರೇಮ್ ರೇಟ್ (ಸೆಕೆಂಡಿಗೆ ಎಷ್ಟು ಚಿತ್ರ).

ಎಚ್.264, 8-ಬಿಟ್, 4:2:0 ಬಂದರೆ ನಿರಾಳ. ಯಾವ ಸಾದಾ ಸಾಫ್ಟ್‌ವೇರೂ ತೆರೆಯುತ್ತದೆ. ಎಚ್.265, 10-ಬಿಟ್, 4:2:2 ಅಂತ ಬಂದರೆ ಅಲ್ಲಿಂದ ಕಥೆ ಬೇರೆ. ಈಗಿನ ಮಿರರ್‌ಲೆಸ್ ಕ್ಯಾಮೆರಾಗಳು ಇದನ್ನು ಕೊಡುತ್ತವೆ. ಬಣ್ಣಕ್ಕೆ ಒಳ್ಳೆಯದು, ಕಂಪ್ಯೂಟರಿಗೆ ಭಾರ. ವಿಂಡೋಸ್‌ನಲ್ಲಿ ರಿಸಾಲ್ವ್‌ನ ಉಚಿತ ಆವೃತ್ತಿಗೆ ಇಂಥ ಫೈಲು ದಕ್ಕುವುದಿಲ್ಲ, ಅದಕ್ಕೆ ರಿಸಾಲ್ವ್ ಸ್ಟುಡಿಯೋ ಬೇಕು. ಬೇರೆ ಕಡೆಯೂ ತೆರೆದುಕೊಂಡರೆ ಸಾಲದು, ಪ್ಲೇ ಆಗುವಾಗ ತಡವರಿಸುತ್ತದಾ ನೋಡಬೇಕು.

ಫೋನಿನ ಕ್ಲಿಪ್ಪಿನಲ್ಲಿ ಇನ್ನೊಂದು ಕಿರಿಕ್ ಇದೆ. ಫ್ರೇಮ್ ರೇಟ್ ಮೋಡ್ ಎದುರಿಗೆ "ವೇರಿಯಬಲ್" ಅಂತ ಬರುತ್ತದೆ. ಅಂದರೆ ಬೆಳಕು ಕಮ್ಮಿಯಾದಾಗ, ಫೋನ್ ಬಿಸಿಯಾದಾಗ ಅದು ತನ್ನ ಪಾಡಿಗೆ ಫ್ರೇಮ್ ಹೆಚ್ಚುಕಮ್ಮಿ ಮಾಡುತ್ತದೆ. ಇದನ್ನು ಸರಿಯಾಗಿ ನಿಭಾಯಿಸದ ಸಾಫ್ಟ್‌ವೇರಿನಲ್ಲಿ ಹಾಡಿನ ಕೊನೆಗೆ ಬರುವಷ್ಟರಲ್ಲಿ ತುಟಿ ಒಂದು ಕಡೆ, ಸೌಂಡ್ ಒಂದು ಕಡೆ. ಪರಿಹಾರಕ್ಕೆ ಪ್ರೊ ಬೇಕಿಲ್ಲ. ಹ್ಯಾಂಡ್‌ಬ್ರೇಕ್ ಅಂತ ಉಚಿತದ್ದೇ ಇದೆ, ಅದರಲ್ಲಿ "ಕಾನ್‌ಸ್ಟಂಟ್" ಆರಿಸಿ ಒಮ್ಮೆ ತೆಗೆದುಕೊಂಡು ಆಮೇಲೆ ಎಡಿಟ್‌ಗೆ ಹಾಕಿ.

ಹಳೆಯ ಹ್ಯಾಂಡಿಕ್ಯಾಮಿನ ಎಂಟಿಎಸ್ ಫೈಲ್ ಇನ್ನೂ ಬರುತ್ತಿದ್ದರೆ ಒಂದು ಮಾತು. ಉದ್ದದ ರೆಕಾರ್ಡಿಂಗನ್ನು ಕ್ಯಾಮೆರಾ ತುಂಡು ತುಂಡು ಮಾಡಿ ಇಟ್ಟಿರುತ್ತದೆ. ಬರೀ ಎಂಟಿಎಸ್ ಫೈಲ್ ಎತ್ತಿಕೊಂಡು ಬಂದರೆ ಎರಡು ತುಂಡು ಸೇರುವ ಕಡೆ ಸೌಂಡ್ ಟಕ್ ಅನ್ನುತ್ತದೆ. ಕಾರ್ಡಿನಲ್ಲಿರುವ "ಪ್ರೈವೇಟ್" ಫೋಲ್ಡರನ್ನು ಇಡಿಯಾಗಿ ಕಾಪಿ ಮಾಡಿ. ಪ್ರೊ ಸಾಫ್ಟ್‌ವೇರ್ ಆ ಫೋಲ್ಡರ್ ಓದಿ ತುಂಡುಗಳನ್ನು ತಾನೇ ಜೋಡಿಸಿಕೊಳ್ಳುತ್ತದೆ.

ಜಾಗದ ಲೆಕ್ಕವೂ ಇಲ್ಲೇ ಹಾಕಿಬಿಡಿ. 4ಕೆ ಶೂಟ್ 100 ಎಂಬಿಪಿಎಸ್ (ಸೆಕೆಂಡಿಗೆ 100 ಮೆಗಾಬಿಟ್) ಇದ್ದರೆ ಸೆಕೆಂಡಿಗೆ 12.5 ಎಂಬಿ, ಗಂಟೆಗೆ 45 ಜಿಬಿ. ಎರಡು ಕ್ಯಾಮೆರಾ, ತಲಾ 4 ಗಂಟೆ ಅಂದರೆ ಒಂದೇ ಮದುವೆಗೆ 360 ಜಿಬಿ.

ಹೆಜ್ಜೆ 2: ಹೊರಗೆ ಹೋಗುವುದು ಏನು

ಬರೀ ರೀಲ್ಸು, ಯೂಟ್ಯೂಬು, ಮನೆ ಕಾರ್ಯಕ್ರಮ ಆದರೆ ಸಾದಾ ಸಾಕು. ಇಲ್ಲಿಗೇ ಓದುವುದು ನಿಲ್ಲಿಸಿದರೂ ನಷ್ಟವಿಲ್ಲ, ಮೂರನೇ ಹೆಜ್ಜೆಯೊಂದನ್ನು ಮಾತ್ರ ಓದಿಕೊಳ್ಳಿ.

ದುಡ್ಡಿಗೆ ಮಾಡುವವರು ಲೈಸೆನ್ಸ್ ಓದಬೇಕು. ಕೆಲವು ಸಾದಾ ಆವೃತ್ತಿಗಳಲ್ಲಿ, ಅವುಗಳ ಜೊತೆ ಬರುವ ಮ್ಯೂಸಿಕ್ಕಿನಲ್ಲಿ, ಸ್ವಂತ ಬಳಕೆಗೆ ಮಾತ್ರ ಅಂತ ಬರೆದಿರುತ್ತದೆ. ಪಾರ್ಟಿಗೆ ಮಾಡಿಕೊಡುವುದು ಸ್ವಂತ ಬಳಕೆ ಆಗುವುದಿಲ್ಲ.

ಇನ್ನು ಪೆನ್‌ಡ್ರೈವ್. ಎರಡು ಗಂಟೆಯ ಫುಲ್ ವಿಡಿಯೋ 8 ಎಂಬಿಪಿಎಸ್‌ನಲ್ಲಿ ತೆಗೆದರೂ 7.2 ಜಿಬಿ. ಫ್ಯಾಟ್32 ಫಾರ್ಮ್ಯಾಟಿನ ಪೆನ್‌ಡ್ರೈವ್ 4 ಜಿಬಿಗಿಂತ ದೊಡ್ಡ ಫೈಲು ತೆಗೆದುಕೊಳ್ಳುವುದೇ ಇಲ್ಲ. ಎಕ್ಸ್‌ಫ್ಯಾಟ್ ಮಾಡಿಕೊಟ್ಟರೆ ಕೆಲವು ಹಳೇ ಟಿವಿ ಓದುವುದಿಲ್ಲ. ಹಾಗಾಗಿ ಔಟ್‌ಪುಟ್ ಸೈಜ್ ಮೊದಲೇ ಹೇಳುವ, ಬಿಟ್‌ರೇಟ್ (ಈ ಎಂಬಿಪಿಎಸ್ ಲೆಕ್ಕ) ಕೈಯಾರೆ ಬರೆಯಲು ಬಿಡುವ ಸಾಫ್ಟ್‌ವೇರ್ ಬೇಕು. ಬರೀ "ಲೋ, ಮೀಡಿಯಂ, ಹೈ" ಅಂತ ಮೂರು ಗುಂಡಿ ಕೊಟ್ಟು ಸುಮ್ಮನಾಗುವ ಸಾದಾದವು ಈ ಜಾಗದಲ್ಲಿ ಕೈಕೊಡುತ್ತವೆ.

ಹೆಜ್ಜೆ 3: ಕನ್ನಡ ಬರೆದು ನೋಡಿ

ಇದನ್ನು ಯಾವ ಇಂಗ್ಲಿಷ್ ವಿಮರ್ಶೆಯೂ ಹೇಳುವುದಿಲ್ಲ. ನಮಗೆ ಮಾತ್ರ ಇದರಿಂದಲೇ ಶುರು ಆಗಬೇಕು.

ನಮ್ಮೂರ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಒಂದು ಸಲ ಜಾತ್ರೆಯ ವಿಡಿಯೋ ಮಾಡಿಕೊಡುವ ಕೆಲಸ ಸಿಕ್ಕಿತ್ತು. ಶುರುವಿಗೆ ಟೈಟಲ್, "ಶ್ರೀ ದುರ್ಗಾಂಬಿಕಾ ದೇವಿ ಪ್ರಸನ್ನ". ಆಗ ನಾನು ಬಳಸುತ್ತಿದ್ದ ಸಾಫ್ಟ್‌ವೇರಿನಲ್ಲಿ ಅದು ಬಂದದ್ದು ಹೀಗೆ: "ಶ್‌ರೀ ದುರ್‌ಗಾಂಬಿಕಾ". ಒತ್ತಕ್ಷರ ಒಡೆದುಹೋಗಿತ್ತು, ಅರ್ಕಾವತ್ತು ಮಾಯ. ರಾತ್ರಿ ಎರಡು ಗಂಟೆಯ ನಿದ್ದೆಗಣ್ಣು, ಬಣ್ಣ ನೋಡಿದೆ, ಚಿನ್ನದ ಮಿಂಚು ನೋಡಿದೆ, ಅಕ್ಷರ ನೋಡಲಿಲ್ಲ. ಮಾರನೇ ದಿನ ಪರದೆ ಮೇಲೆ ಹಾಕಿದಾಗ ಮುಂದೆ ಕೂತಿದ್ದ ಅಜ್ಜ ಒಬ್ಬರು ಜೋರಾಗಿ ಓದಿದರು, ಹೇಗೆ ಬರೆದಿತ್ತೋ ಹಾಗೇ. ಆಮೇಲೆ ನನ್ನ ಕಡೆ ತಿರುಗಿ, "ದೇವಿ ಹೆಸ್ರನ್ನೇ ಮುರ್ದಿಯಲ್ಲೋ ತಮ್ಮಾ" ಅಂದರು.

ಹಾಗಾಗಿ ಯಾವ ಸಾಫ್ಟ್‌ವೇರ್ ಹಾಕಿದರೂ ಮೊದಲ ಐದು ನಿಮಿಷದಲ್ಲಿ ಈ ಪದಗಳನ್ನು ಬರೆಯಿರಿ: ಶ್ರೀ, ದುರ್ಗಾಂಬಿಕಾ, ಲಕ್ಷ್ಮೀ, ಸ್ವಾತಂತ್ರ್ಯ, ಹರ್ಷ. ಐದೂ ಸರಿ ಬಂದರೆ ಮುಂದಿನ ಮಾತು. ಒಂದೇ ಸಾಫ್ಟ್‌ವೇರಿನಲ್ಲಿ ಸಾದಾ ಟೆಕ್ಸ್ಟ್ ಸರಿ ಬಂದು, ಕುಣಿಯುವ ಟೈಟಲ್ ಟೆಂಪ್ಲೇಟಿನಲ್ಲಿ ಒಡೆಯುವುದೂ ಉಂಟು. ಎರಡನ್ನೂ ನೋಡಿ.

ಪ್ರೀಮಿಯರ್ ಪ್ರೊದಲ್ಲಿ ಪ್ರಿಫರೆನ್ಸಸ್ ಒಳಗೆ ಗ್ರಾಫಿಕ್ಸ್ ವಿಭಾಗಕ್ಕೆ ಹೋಗಿ ಟೆಕ್ಸ್ಟ್ ಎಂಜಿನ್ನನ್ನು ದಕ್ಷಿಣ ಏಷ್ಯಾ, ಮಧ್ಯಪ್ರಾಚ್ಯದ ಆಯ್ಕೆಗೆ ಬದಲಿಸಬೇಕು. ಇದು ಗೊತ್ತಿಲ್ಲದೆ ಎಷ್ಟೋ ಜನ ಪ್ರೀಮಿಯರಿನಲ್ಲಿ ಕನ್ನಡ ಬರುವುದಿಲ್ಲ ಅಂತ ನಂಬಿಕೊಂಡಿದ್ದಾರೆ. ಎಲ್ಲಿಯೂ ಸರಿ ಬರದಿದ್ದರೆ ಎರಡು ಅಡ್ಡದಾರಿ ಇವೆ. ಹಳಬರದ್ದು ನುಡಿ ದಾರಿ: ನುಡಿ ಅನ್ನುವ ಕನ್ನಡ ಟೈಪಿಂಗ್ ಸಾಫ್ಟ್‌ವೇರಿನಲ್ಲಿ ಆಸ್ಕಿ (ಯೂನಿಕೋಡ್ ಅಲ್ಲದ ಹಳೆಯ ಪದ್ಧತಿ) ಆಗಿ ಟೈಪ್ ಮಾಡಿ, ಪೇಸ್ಟ್ ಮಾಡಿ, ನುಡಿ ಫಾಂಟ್ ಆರಿಸುವುದು. ಅಕ್ಷರ ಚೆನ್ನಾಗೇ ಬರುತ್ತದೆ. ಆದರೆ ಆ ಫಾಂಟ್ ಇಲ್ಲದ ಸಿಸ್ಟಂನಲ್ಲಿ ಪ್ರಾಜೆಕ್ಟ್ ತೆರೆದರೆ ಬರೀ ಗೀಚು. ಇನ್ನೊಂದು, ಇಂಕ್‌ಸ್ಕೇಪ್ ಅನ್ನುವ ಉಚಿತ ಪ್ರೋಗ್ರಾಂನಲ್ಲಿ ಟೈಟಲ್ ಬರೆದು, ಹಿನ್ನೆಲೆ ಇಲ್ಲದ ಪಿಎನ್‌ಜಿ ಚಿತ್ರ ಮಾಡಿಕೊಂಡು ಟೈಮ್‌ಲೈನ್ (ಕ್ಲಿಪ್ಪು ಜೋಡಿಸುವ ಪಟ್ಟಿ) ಮೇಲೆ ಕೂರಿಸುವುದು. ನಾನು ಈಗ ಮಾಡುವುದು ಇದನ್ನೇ. ಸಾದಾ ಸಾಫ್ಟ್‌ವೇರಿನಲ್ಲೂ ನಡೆಯುತ್ತದೆ. ಅಂದರೆ ಬರೀ ಕನ್ನಡಕ್ಕೋಸ್ಕರ ಪ್ರೊ ಕೊಳ್ಳುವ ಅಗತ್ಯ ಇಲ್ಲ.

ಹೆಜ್ಜೆ 4: ಗಟ್ಟಿಮೇಳದ ಪರೀಕ್ಷೆ

ಒಂದೇ ಕ್ಯಾಮೆರಾದಲ್ಲಿ ಕೆಲಸ ಮಾಡುವವರು ಇದನ್ನು ದಾಟಿ ಹೋಗಬಹುದು. ಎರಡು ಮೂರು ಕ್ಯಾಮೆರಾ ಇದ್ದರೆ ಸಾದಾ-ಪ್ರೊ ತೀರ್ಮಾನ ಆಗುವುದೇ ಇಲ್ಲಿ.

ಮುಹೂರ್ತಕ್ಕೆ ಮೂರು ಕ್ಯಾಮೆರಾ ಅಂದುಕೊಳ್ಳಿ. ಒಂದು ಮಂಟಪದ ಎದುರು, ಒಂದು ಪಕ್ಕದಲ್ಲಿ ಕೈಯಲ್ಲಿ, ಒಂದು ಹಾಲಿನ ಹಿಂದೆ ಸ್ಟ್ಯಾಂಡ್ ಮೇಲೆ. ಪುರೋಹಿತರು "ಗಟ್ಟಿಮೇಳ" ಅಂತ ಕೂಗುತ್ತಾರೆ, ಡೋಲು ವಾಲಗ ಒಟ್ಟಿಗೆ ಏರುತ್ತವೆ. ಟೈಮ್‌ಲೈನಿನ ಸೌಂಡ್ ಗೆರೆಯಲ್ಲಿ ಅದು ಗುಡ್ಡ ಎದ್ದ ಹಾಗೆ ಕಾಣುತ್ತದೆ. ಮೂರೂ ಕ್ಲಿಪ್ಪಿನ ಗುಡ್ಡದ ಬುಡವನ್ನು ಒಂದರ ಕೆಳಗೊಂದು ಸರಿಯಾಗಿ ಕೂರಿಸಿದರೆ ಸಿಂಕ್ ಆಯಿತು. ಸಿನಿಮಾದವರು ಕ್ಲ್ಯಾಪ್ ಹೊಡೆಯುತ್ತಾರಲ್ಲ, ನಮಗೆ ಪುರೋಹಿತರೇ ಹೊಡೆದುಕೊಡುತ್ತಾರೆ. ಒಂದು ಸೂಕ್ಷ್ಮ ಇದೆ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. 30 ಮೀಟರ್ ಹಿಂದಿರುವ ಕ್ಯಾಮೆರಾಕ್ಕೆ ಅದು ಮುಟ್ಟುವಾಗ, 25 ಫ್ರೇಮಿನ ಲೆಕ್ಕದಲ್ಲಿ, ಎರಡು ಫ್ರೇಮ್ ತಡ. ಸೌಂಡಿನಿಂದ ಸಿಂಕ್ ಮಾಡಿದ ಮೇಲೂ ಆ ಕ್ಯಾಮೆರಾದ ಚಿತ್ರ ಕೂದಲೆಳೆಯಷ್ಟು ಆಚೀಚೆ ಅನ್ನಿಸಿದರೆ ಇದೇ ಕಾರಣ. ಎರಡು ಫ್ರೇಮ್ ಸರಿಸಿ.

ಪ್ರೀಮಿಯರ್ ಪ್ರೊ, ಫೈನಲ್ ಕಟ್ ಪ್ರೊ, ಎಡಿಯಸ್, ರಿಸಾಲ್ವ್ ಇವೆಲ್ಲ ಮೂರು ಕ್ಯಾಮೆರಾವನ್ನು ಒಟ್ಟಿಗೆ ಪರದೆ ಮೇಲೆ ತೋರಿಸಿ, ಪ್ಲೇ ಆಗುತ್ತಿರುವಾಗಲೇ 1, 2, 3 ಒತ್ತಿ ಬದಲಿಸಲು ಬಿಡುತ್ತವೆ. ರಿಸಾಲ್ವ್‌ನಲ್ಲಿ ಇದು ಉಚಿತ ಆವೃತ್ತಿಯಲ್ಲೂ ಇದೆ, ಅದು ದೊಡ್ಡ ಉಪಕಾರ. ಐಮೂವಿಯಲ್ಲಿ ಮುಖ್ಯ ವಿಡಿಯೋ ಮೇಲೆ ಇನ್ನೊಂದೇ ಪದರ ಇಡಬಹುದು, ಮೂರನೇ ಕ್ಯಾಮೆರಾಕ್ಕೆ ಜಾಗವೇ ಇಲ್ಲ. ಕೈಯಲ್ಲಿ ಕತ್ತರಿಸಿ ಕತ್ತರಿಸಿ ಮಾಡಬಹುದು, ನಾನೂ ಮಾಡಿದ್ದೇನೆ. ಒಂದು ಮದುವೆಗೆ ಪರವಾಗಿಲ್ಲ. ಸೀಸನ್ನಿನಲ್ಲಿ ಎಂಟು ಮದುವೆ ಬಂದರೆ ಬೆರಳು ಹೋಗುತ್ತದೆ.

ಹೆಜ್ಜೆ 5: ಟ್ರಯಲ್ ಹಾಕಿ, ಬೇಕಂತಲೇ ಕೆಡಿಸಿ

ಟ್ರಯಲ್ ಹಾಕಿದವರು ಚೆನ್ನಾಗಿರುವ ಕ್ಲಿಪ್ಪನ್ನೇ ಹಾಕಿ ನೋಡುತ್ತಾರೆ. ಸಂತೇಬೆನ್ನೂರು ಪುಷ್ಕರಿಣಿಯ ಪ್ರೀ-ವೆಡ್ಡಿಂಗ್ ಯಾವುದರಲ್ಲಿ ಹಾಕಿದರೂ ಚೆನ್ನಾಗೇ ಕಾಣುತ್ತದೆ. ನೀವು ತೆಗೆದ ಕೆಟ್ಟ ಶೂಟ್ ಹಾಕಿ. ಒಂದು ಕಡೆ ಹಳದಿ ಬಲ್ಬು, ಇನ್ನೊಂದು ಕಡೆ ನೀಲಿ ಎಲ್‌ಇಡಿ, ನಡುವೆ ಮದುಮಗಳು, ಅಂಥದ್ದು. ಅವಳ ಮುಖದ ಬಣ್ಣ ಮಾತ್ರ ಸರಿ ಮಾಡಿ, ಹಿಂದಿನ ಸೀರೆ ಬಣ್ಣ ಕೆಡದ ಹಾಗೆ. ಸಾದಾದಲ್ಲಿ ಬರೀ ಬ್ರೈಟ್‌ನೆಸ್, ಕಾಂಟ್ರಾಸ್ಟ್, ಬಿಸಿ-ತಂಪು ಗುಂಡಿ ಇದ್ದರೆ ಮುಖ ಸರಿಹೋಗುವಷ್ಟರಲ್ಲಿ ಸೀರೆ ಬೇರೆಯಾಗಿರುತ್ತದೆ. ಲೈಟು ಮಿಣಮಿಣ ಅನ್ನುತ್ತಿದ್ದರೆ ಅದು ಸಾಫ್ಟ್‌ವೇರ್ ಸಮಸ್ಯೆ ಅಲ್ಲ. ನಮ್ಮ ಕರೆಂಟು 50 ಹರ್ಟ್ಸ್, 25 ಫ್ರೇಮಿಗೆ ಶಟರ್ 1/50 ಇಟ್ಟು ಶೂಟ್ ಮಾಡಿದರೆ ಬಹುಪಾಲು ಆ ರಗಳೆ ಇರುವುದಿಲ್ಲ.

ಆಮೇಲೆ ಕೆಡಿಸಿ. ಫೂಟೇಜ್ ಫೋಲ್ಡರಿನ ಹೆಸರು ಬದಲಿಸಿ ಪ್ರಾಜೆಕ್ಟ್ ತೆರೆಯಿರಿ. ಒಂದು ಫೈಲ್ ತೋರಿಸಿದರೆ ಮಿಕ್ಕಿದ್ದನ್ನು ತಾನೇ ಹುಡುಕಿಕೊಳ್ಳುತ್ತದಾ, ಅಥವಾ ನಾನೂರು ಕ್ಲಿಪ್ಪನ್ನೂ ಒಂದೊಂದಾಗಿ ಕೇಳುತ್ತದಾ? ಆಟೋಸೇವ್ ಎಷ್ಟು ನಿಮಿಷಕ್ಕೊಮ್ಮೆ, ಎಲ್ಲಿ ಬೀಳುತ್ತದೆ ನೋಡಿ. ಬೇಸಿಗೆಯಲ್ಲಿ ಕರೆಂಟ್ ಹೋಗುವುದು ನಮಗೇನು ಹೊಸದಲ್ಲ. ಪ್ರಾಜೆಕ್ಟನ್ನು ಗೆಳೆಯನ ಸಿಸ್ಟಂಗೆ ಒಯ್ದು ತೆರೆಯಿರಿ. ಹೊಸ ಆವೃತ್ತಿಯಲ್ಲಿ ಸೇವ್ ಮಾಡಿದ್ದು ಹಳೆಯದರಲ್ಲಿ ತೆರೆಯುವುದಿಲ್ಲ. ನೀವು ಕೆಲಸ ಹಂಚಿಕೊಳ್ಳುವವರು ಎಡಿಯಸ್‌ನಲ್ಲಿದ್ದರೆ ನಿಮಗೂ ಎಡಿಯಸ್ಸೇ ಸುಲಭ, ಅವರ ಬಳಿ ಇರುವ ರೆಡಿ ಪ್ರಾಜೆಕ್ಟುಗಳೂ ಸಿಗುತ್ತವೆ. ಯಾವುದು ಶ್ರೇಷ್ಠ ಅನ್ನುವ ಚರ್ಚೆಗಿಂತ ಇದು ದೊಡ್ಡ ಕಾರಣ.

ರಿಸಾಲ್ವ್ ಹಾಕುವವರಿಗೆ ಒಂದು ಎಚ್ಚರಿಕೆ: ಪ್ರಾಜೆಕ್ಟ್ ಅನ್ನುವುದು ಫೂಟೇಜ್ ಪಕ್ಕದಲ್ಲಿ ಒಂದು ಫೈಲಾಗಿ ಕೂತಿರುವುದಿಲ್ಲ. ಅದರದ್ದೇ ಲೈಬ್ರರಿ ಒಳಗಿರುತ್ತದೆ, ಆ ಲೈಬ್ರರಿ ಸಾಮಾನ್ಯವಾಗಿ ಸಿ ಡ್ರೈವ್‌ನಲ್ಲಿ. ವಿಂಡೋಸ್ ಫಾರ್ಮ್ಯಾಟ್ ಮಾಡಿಸಿದರೆ ಎಲ್ಲ ಪ್ರಾಜೆಕ್ಟೂ ಹೋದ ಹಾಗೆ. ವಾರಕ್ಕೊಮ್ಮೆ ಪ್ರಾಜೆಕ್ಟನ್ನು ಎಕ್ಸ್‌ಪೋರ್ಟ್ ಮಾಡಿ ಬೇರೆ ಡ್ರೈವ್‌ಗೆ ಹಾಕಿ.

ಹೆಜ್ಜೆ 6: ಮೆಷಿನ್

ಸಿಸ್ಟಂ ಕಟ್ಟಿಸುವಾಗ ಪ್ರೊಸೆಸರ್ ಹೆಸರಿನ ಕೊನೆಯ ಅಕ್ಷರ ನೋಡಿ. ಇಂಟೆಲ್‌ನಲ್ಲಿ ಕೊನೆಗೆ "ಎಫ್" ಇದ್ದರೆ ಅದರೊಳಗೆ ಗ್ರಾಫಿಕ್ಸ್ ಇಲ್ಲ, ಹಾಗಾಗಿ ಕ್ವಿಕ್‌ಸಿಂಕ್ ಇಲ್ಲ. ಕ್ವಿಕ್‌ಸಿಂಕ್ ಅಂದರೆ ವಿಡಿಯೋ ಬಿಚ್ಚಿ ಓಡಿಸುವ ಭಾಗ; ಇಂಟೆಲ್‌ನ ಈಚಿನ ಪೀಳಿಗೆಗಳಲ್ಲಿ ಎಚ್.265 10-ಬಿಟ್ 4:2:2 ಫೈಲನ್ನು ಅದು ಹಗುರವಾಗಿ ಓಡಿಸುತ್ತದೆ. ಸ್ವಲ್ಪ ದುಡ್ಡು ಉಳಿಸಲು ಎಫ್ ಹಾಕಿಸಿಕೊಂಡು, ಆಮೇಲೆ ಸಾಫ್ಟ್‌ವೇರ್ ಸರಿ ಇಲ್ಲ ಅಂತ ಬೈಯುವವರನ್ನು ನೋಡಿದ್ದೇನೆ.

ಮೆಷಿನ್ ಹಳೆಯದಾದರೆ ಪ್ರಾಕ್ಸಿ ಮಾಡಿಕೊಳ್ಳಿ. ಅಂದರೆ ದೊಡ್ಡ ಫೈಲಿನ ಸಣ್ಣ ನಕಲು ಇಟ್ಟುಕೊಂಡು ಎಡಿಟ್ ಮಾಡಿ, ಔಟ್‌ಪುಟ್ ಮಾತ್ರ ದೊಡ್ಡದರಿಂದ. ರಾತ್ರಿ ಪ್ರಾಕ್ಸಿಗೆ ಹಾಕಿ ಮಲಗಿದರೆ ಬೆಳಿಗ್ಗೆ ರೆಡಿ. ಎಸ್‌ಎಸ್‌ಡಿ (ವೇಗದ ಡ್ರೈವ್) ಇಲ್ಲದವರು ಪ್ರೊ ಸಾಫ್ಟ್‌ವೇರಿನ ಯೋಚನೆ ಬಿಟ್ಟು ಮೊದಲು ಅದನ್ನು ಹಾಕಿಸಿ.

ಹೆಜ್ಜೆ 7: ದುಡ್ಡು

ಅಡೋಬಿಯ ಪ್ರೀಮಿಯರ್ ಪ್ರೊ 2013ರಿಂದ ಬಾಡಿಗೆ ಲೆಕ್ಕ. ಕಟ್ಟುವವರೆಗೆ ನಡೆಯುತ್ತದೆ, ಕಟ್ಟದಿದ್ದರೆ ನಿಮ್ಮದೇ ಪ್ರಾಜೆಕ್ಟ್ ನಿಮಗೆ ತೆರೆಯುವುದಿಲ್ಲ. ವಾರ್ಷಿಕ ಪ್ಲಾನ್ ತೆಗೆದುಕೊಂಡು ತಿಂಗಳು ತಿಂಗಳು ಕಟ್ಟುತ್ತಿದ್ದರೆ ನಡುವೆ ಬಿಡಲು ದಂಡ ಇದೆ, ಗಮನವಿರಲಿ. ಆಷಾಢದಲ್ಲಿ ಮದುವೆ ಇಲ್ಲ, ಪಿತೃಪಕ್ಷದಲ್ಲಿ ಇಲ್ಲ, ಧನುರ್ಮಾಸದಲ್ಲಿ ಇಲ್ಲ. ಬಾಡಿಗೆ ಮಾತ್ರ ನಿಲ್ಲುವುದಿಲ್ಲ. ಸೀಸನ್ನಿಗಷ್ಟೇ ಬೇಕೆನ್ನುವವರು ಒಂದೊಂದೇ ತಿಂಗಳ ಪ್ಲಾನ್ ಹಿಡಿದು ಲೆಕ್ಕ ಹಾಕಿ. ಪ್ರೀಮಿಯರ್ ಎಲಿಮೆಂಟ್ಸ್ ಕೂಡ 2025ರ ಆವೃತ್ತಿಯಿಂದ 3 ವರ್ಷದ ಲೈಸೆನ್ಸ್, ಮೊದಲಿನ ಹಾಗೆ ಶಾಶ್ವತ ಅಲ್ಲ. ರಿಸಾಲ್ವ್ ಸ್ಟುಡಿಯೋದ ಅಮೆರಿಕದ ಬೆಲೆ 295 ಡಾಲರ್, ಒಂದೇ ಸಲ. ಇಲ್ಲಿಗೆ ಬರುವಾಗ ತೆರಿಗೆ ಸೇರುತ್ತದೆ.

ಕ್ರ್ಯಾಕ್, ಅಂದರೆ ದುಡ್ಡು ಕಟ್ಟದೆ ಲಾಕ್ ಮುರಿದು ಹಾಕುವ ಕಳ್ಳ ಕಾಪಿ, ಅದರ ವಿಷಯ ಎತ್ತದಿದ್ದರೆ ನಾಟಕ ಆಡಿದ ಹಾಗೆ. ನಾನೂ ಹಾಕಿಸಿದ್ದವನೇ. ಸಿಸ್ಟಂ ಕಟ್ಟಿದ ಅಂಗಡಿಯವರು "ಎಲ್ಲಾ ಹಾಕ್ಕೊಟ್ಟಿದೀವಿ ಸಾರ್" ಅಂದಾಗ ಖುಷಿಯಾಗಿತ್ತು. ಸೀಸನ್ ನಡುವೆ ಒಂದು ಬೆಳಿಗ್ಗೆ ನೋಡಿದರೆ ಎಲ್ಲ ಫೈಲಿನ ಹೆಸರಿಗೂ ಏನೋ ಒಂದು ಬಾಲ ಹುಟ್ಟಿಕೊಂಡಿದೆ, ಯಾವುದೂ ತೆರೆಯುತ್ತಿಲ್ಲ, ಪ್ರತಿ ಫೋಲ್ಡರಿನಲ್ಲೂ ದುಡ್ಡು ಕೇಳುವ ಚೀಟಿ. ಕ್ರ್ಯಾಕ್ ಜೊತೆ ಬಂದ ವೈರಸ್ಸಿನ ಕೆಲಸ. ಎರಡು ಮದುವೆಯ ಡೇಟಾ ಅದರಲ್ಲಿತ್ತು. ಒಂದರ ಕಾರ್ಡನ್ನು ಕ್ಯಾಮೆರಾದವರು ಇನ್ನೂ ಫಾರ್ಮ್ಯಾಟ್ ಮಾಡಿರಲಿಲ್ಲ. ಇನ್ನೊಂದರದ್ದು ಮಾಡಿದ್ದರು. ಆ ಮನೆಯವರ ಮುಂದೆ ನಿಂತು ಏನು ಹೇಳಿದೆ ಅನ್ನುವುದನ್ನು ಇಲ್ಲಿ ಬರೆಯಲಾರೆ. ಉಚಿತವಾಗಿಯೇ ರಿಸಾಲ್ವ್ ಇದೆ, ಕೆಡೆನ್‌ಲೈವ್ ಇದೆ, ಶಾಟ್‌ಕಟ್ ಇದೆ. ಕ್ರ್ಯಾಕ್ ಹಾಕುವ ಕಾಲ ಮುಗಿಯಿತು.

ಸೋದರತ್ತೆ ಮಗ ಏನು ಮಾಡಿದ

ಚೀಟಿ ಬರೆದ. ಅವನ ಕ್ಯಾಮೆರಾ 8-ಬಿಟ್, 4:2:0. ಬರುವುದು ಎರಡು ಕ್ಯಾಮೆರಾದ ಮದುವೆ, ಸಣ್ಣಪುಟ್ಟ ರೀಲ್ಸ್. "ನಿಂಗೆ ಉಚಿತದ ರಿಸಾಲ್ವೇ ಸಾಕು, ಉಳಿದ ದುಡ್ಡಿಗೆ ಎಸ್‌ಎಸ್‌ಡಿ ಹಾಕ್ಸು" ಅಂದೆ. ಮೊದಲೆರಡು ಮದುವೆ ಸಲೀಸಾಗಿ ಹೋದವು. ಮೂರನೆಯದಕ್ಕೆ ಹರಿಹರದ ಕಡೆಯ ಒಬ್ಬ ಕ್ಯಾಮೆರಾದವನನ್ನು ಬಾಡಿಗೆಗೆ ಕರೆದಿದ್ದ. ರಾತ್ರಿ ಹನ್ನೊಂದಕ್ಕೆ ಫೋನ್ ಬಂತು.

"ಅಣ್ಣಾ, ಅವನ್ ಕ್ಲಿಪ್ ಸೌಂಡ್ ಬರ್ತೈತಿ, ಚಿತ್ರ ಬರ್ವಲ್ದು. ರಿಸಾಲ್ವ್ ಸ್ಟುಡಿಯೋ ತಗಂಡ್‌ಬಿಡ್ಲಾ?"

ಮೀಡಿಯಾಇನ್ಫೋದಲ್ಲಿ ಹಾಕಿ ಓದು ಅಂದೆ. ಓದಿದ: ಎಚ್.265, 10-ಬಿಟ್, 4:2:2. ಶಟರ್ ಎನ್‌ಕೋಡರ್ ಅನ್ನುವ ಉಚಿತ ಪ್ರೋಗ್ರಾಂನಲ್ಲಿ ಎಲ್ಲ ಕ್ಲಿಪ್ಪನ್ನೂ ಬದಲಿಸಿಕೊಂಡ, ರಾತ್ರಿಯೆಲ್ಲ ಓಡಿತು, ಬೆಳಿಗ್ಗೆ ಕೆಲಸ ಶುರು ಮಾಡಿದ. ಇಂಥ ಫೈಲ್ ವರ್ಷಕ್ಕೆ ಎಷ್ಟು ಸಲ ಬರುತ್ತದೆ ಅಂತ ಕೇಳಿದೆ. ಇದೇ ಮೊದಲು ಅಂದ. ಈಗ ಬಾಡಿಗೆಗೆ ಬರುವವರಿಗೆ ಮಂಟಪದ ವಿಳಾಸದ ಜೊತೆಗೆ ಇನ್ನೊಂದು ಸಾಲು ವಾಟ್ಸ್ಯಾಪ್ ಮಾಡುತ್ತಾನೆ: "8-ಬಿಟ್, 25 ಫ್ರೇಮ್, ಶಟರ್ 50. ಮುಂಜಾನೆ ಆರಕ್ಕೆ ಬರ್ರಿ."